ಸ್ಯಾಕ್ಸೊಫೋನ್ ಹಿಡಿದ ಸಂತ

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿರುವ ಸಾನ್ ಫ್ರಾನ್ಸಿಸ್ಕೊ ನಗರದಲ್ಲಿ ಸಮತಟ್ಟಾದ ಬೀದಿಯೊಂದು ಬೇಕೆಂದರೆ ಹುಡುಕಿಕೊಂಡು ಹೋಗಬೇಕು. ಊರೆಂಬುದೆಲ್ಲ ಗುಡ್ಡಗಳ ಮೇಲೆಯೇ ಹಬ್ಬಿಕೊಂಡಿದೆ. ನೆಲದಡಿಯಲ್ಲಿ ಓಡುವ ಉಕ್ಕಿನ ಹಗ್ಗವನ್ನು ಕಚ್ಚಿಕೊಂಡು ಏರುವ ಪುಟ್ಟ ಟ್ರಾಮುಗಳು ಇಲ್ಲಿನ ವಾಹನ. ಬೇಸಗೆಯ ನಡುವೆಯೂ ಕಡಲಿನಿಂದೆದ್ದು ಬಂದು ಮನೆಗಳನ್ನು ಮುಚ್ಚಿಬಿಡುವ ಮಂಜು ಇಲ್ಲಿನ ಹವೆ. ಪ್ರವಾಸಿಗಳು ಕೆಂಪು ಬಣ್ಣದ ಮಹಾಸೇತುವೆಯನ್ನು ನೋಡಿ, ಬಂದರುಕಟ್ಟೆಯಲ್ಲಿ ಏಡಿ ತಿಂದು ಮರಳುತ್ತಾರೆ. ಆದರೆ ಈ ಊರಿನ ದೇವಮಂದಿರಗಳಲ್ಲಿ ಕಳೆದ ಅರುವತ್ತು ವರ್ಷಗಳಿಂದ ನಡೆದು ಬಂದಿರುವ ವಿಚಿತ್ರಗಳನ್ನು ಕಾಣಬೇಕೆಂದರೆ ಟೇಲರ್ ಎಂಬ ಒಂದೇ ಬೀದಿಯ ಇಳಿಜಾರಿನಲ್ಲಿ ನಡೆಯತೊಡಗಿದರೆ ಸಾಕು.

ನಡಿಗೆ ಆರಂಭವಾಗುವುದು ನಾಬ್ ಹಿಲ್ ಎಂಬ ಗುಡ್ಡದ ನೆತ್ತಿಯಲ್ಲಿ. ರೈಲುದಾರಿ ಕಟ್ಟಿಸಿ ಕೋಟ್ಯಧಿಪತಿಗಳಾದವರು ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಅರಮನೆಗಳನ್ನು ಎಬ್ಬಿಸಿದ್ದರು. ಅವರಲ್ಲೊಬ್ಬ ಚಾರ್ಲ್ಸ್ ಕ್ರಾಕರ್. ತನ್ನ ಭವನದ ಸುತ್ತಲಿನ ನೆಲವನ್ನೆಲ್ಲ ಆತ ಕೊಂಡುಕೊಂಡ. ಶವಸಂಸ್ಕಾರದ ಸಾಮಗ್ರಿಯ ವ್ಯಾಪಾರ ಮಾಡುತ್ತಿದ್ದ ಯುಂಗ್ ಎಂಬ ಜರ್ಮನನೊಬ್ಬ ಮಾತ್ರ ತನ್ನ ಪುಟ್ಟ ಮನೆಯನ್ನು ಮಾರಲೊಲ್ಲೆನೆಂದ. ಕೆರಳಿದ ಕ್ರಾಕರ್ ಆ ಮನೆಯ ಮೂರು ಕಡೆಗೂ ಸುಮಾರು 40 ಅಡಿ ಎತ್ತರದ ಬೇಲಿಯನ್ನೆಬ್ಬಿಸಿ ನೆರೆಯವನಿಗೆ ಸೂರ್ಯನೇ ಕಾಣದಂತೆ ಮಾಡಿದ! ಆ ಬೇಲಿಯನ್ನು ನೋಡಲೆಂದೇ ಜನ ಗುಡ್ಡ ಹತ್ತಿ ಬರುತ್ತಿದ್ದರಂತೆ. 1906ರ ಭೂಕಂಪ ಮತ್ತು ಅದರ ಬೆನ್ನಿಗೆ ಬಂದ ಬೆಂಕಿ ಅರಮನೆಯನ್ನು ನುಂಗಿದ ಮೇಲೆ ಕ್ರಾಕರ್ ಮನೆತನದವರು ಆ ನಿವೇಶನವನ್ನು ಎಪಿಸ್ಕೋಪಲ್ ಸಭೆಗೆ ದಾನ ಮಾಡಿದರು. ಹಟದ ಬೇಲಿ ನಿಂತಿದ್ದ ನೆಲದಲ್ಲಿ ಇಂದು ನಿಂತಿರುವುದು ಗ್ರೇಸ್ ಕೆಥೀಡ್ರಲ್.

1928ರಲ್ಲಿ ಕಟ್ಟತೊಡಗಿ 1964ರಲ್ಲಿ ಮುಗಿಸಿದ ಈ ಮಹಾಮಂದಿರ ಗಾಥಿಕ್ ಶೈಲಿಯದು. ಇಟಲಿಯ ಫ್ಲಾರೆನ್ಸ್ ನಗರದ ಹೆಸರುವಾಸಿ 'ಸ್ವರ್ಗದ್ವಾರ'ಗಳ ಪಡಿಯಚ್ಚು ಇದರ ಮುಂಬಾಗಿಲಿಗಿದೆ. ಒಳಗೆ ಹೆಜ್ಜೆಯಿಟ್ಟರೆ ಬಣ್ಣದ ಗಾಜಿನಿಂದ ಸೋಸಿ ಬಂದ ಬೆಳಕು. ಒಮ್ಮೆ ಎದ್ದ ನಾದ ಹಲವು ಕ್ಷಣ ಕಮಾನುಗಳಲ್ಲಿ ಸುತ್ತಾಡಿ ಮೆಲ್ಲನೆ ಇಳಿಯುವ ಗಾಂಭೀರ್ಯ. ಇಂಥ ಸ್ಥಳಕ್ಕೆ ಒಪ್ಪುವುದು ಆರ್ಗನ್ ವಾದ್ಯ ಮತ್ತು ಬಾಲಕರ ಗಾಯನವೇ ಎಂದು ಯಾರಿಗಾದರೂ ತೋರುತ್ತದೆ. ಆದರೆ ಕಟ್ಟಡ ಮುಗಿದ ಮರುವರ್ಷವೇ, 1965ರ ಮೇ 21ರಂದು, ವಿನ್ಸ್ ಗ್ವಾರಾಲ್ಡಿ ಎಂಬ ಸ್ಥಳೀಯ ಪಿಯಾನೋವಾದಕ ಇಲ್ಲಿ ಜಾಜ್ ಶೈಲಿಯಲ್ಲಿ ಬಲಿಪೂಜೆಯ ಸಂಗೀತವನ್ನು ನುಡಿಸಿದರು. ರಾತ್ರಿಯ ಮದ್ಯಶಾಲೆಗಳಲ್ಲಿ ನುಡಿಸುತ್ತಿದ್ದ ಬೆರಳುಗಳು ಪರಮಪ್ರಸಾದದ ವಿಧಿಗೆ ಶ್ರುತಿ ಸೇರಿಸಿದವು. ಅದೇ ವರ್ಷದ ಡಿಸೆಂಬರಿನಲ್ಲಿ ಮಕ್ಕಳ ಅಚ್ಚುಮೆಚ್ಚಿನ ಚಾರ್ಲಿ ಬ್ರೌನನ ಕ್ರಿಸ್‌ಮಸ್ ಚಿತ್ರಕ್ಕೆ ಸಂಗೀತ ಕೊಟ್ಟು ಅಮೆರಿಕದ ಮನೆಮನೆಗೂ ಪರಿಚಿತರಾದವರು ಇವರೇ.

ಸೆಪ್ಟೆಂಬರ್ 16ರಂದು ಇನ್ನೂ ದೊಡ್ಡ ಹೆಸರು ಬಂತು. ಜಾಜ್ ಲೋಕದ 'ಡ್ಯೂಕ್' ಎಲಿಂಗ್ಟನ್ ತಮ್ಮ ವಾದ್ಯವೃಂದದೊಡನೆ ಬಂದು ತಮ್ಮ ಮೊದಲ ಪವಿತ್ರ ಸಂಗೀತಗೋಷ್ಠಿಯನ್ನು ಈ ವೇದಿಯೆದುರು ನಡೆಸಿದರು. ಬೈಬಲಿನ ಮೊದಲ ಮಾತುಗಳ ಆರು ಅಕ್ಷರಗಳಿಗೆ ಆರು ಸ್ವರಗಳನ್ನು ಹೊಂದಿಸಿ ಕೃತಿ ಮೊದಲಾಗುತ್ತದೆ. ಅಂದು ಜನ ಬೆರಗಾದದ್ದು ಸಂಗೀತಕ್ಕಿಂತಲೂ ಬನ್ನಿ ಬ್ರಿಗ್ಸ್ ಎಂಬ ನರ್ತಕನ ಕಾಲುಗಳಿಗೆ. ಅಡಿಯಲ್ಲಿ ಲೋಹದ ತಗಡು ಬಡಿದ ಬೂಟುಗಳಿಂದ ನೆಲವನ್ನೇ ಮೃದಂಗವಾಗಿಸಿಕೊಂಡು ಕುಣಿಯುವ ಟ್ಯಾಪ್ ನೃತ್ಯ, ಮಂದಿರದೊಳಗೆ! ಕುಣಿತದ ವಸ್ತು ಮಾತ್ರ ಬೈಬಲಿನದೇ: ದೇವರ ಮಂಜೂಷದ ಮುಂದೆ ಮೈಮರೆತು ಕುಣಿದ ದಾವೀದ ಅರಸ. ಅವನನ್ನು ಕಿಟಕಿಯಿಂದ ನೋಡಿ ಮನಸ್ಸಿನಲ್ಲೇ ತಿರಸ್ಕರಿಸಿದ ರಾಣಿ ಮೀಕಲಳ ಕಥೆಯೂ ಅಲ್ಲಿಯೇ ಇದೆ. ಎಲಿಂಗ್ಟನ್ನರಿಗೂ ಮೀಕಲರು ಸಿಗದೆ ಹೋಗಲಿಲ್ಲ. ಮರುವರ್ಷ ವಾಷಿಂಗ್ಟನ್ ನಗರದಲ್ಲಿ ಈ ಗೋಷ್ಠಿ ನಡೆಯಲಿದ್ದಾಗ ಅಲ್ಲಿನ ಬ್ಯಾಪ್ಟಿಸ್ಟ್ ಪಾದ್ರಿಗಳ ಸಂಘ ಅದಕ್ಕೆ ಬೆಂಬಲ ಕೊಡಲು ನಿರಾಕರಿಸಿತು. ವಾಷಿಂಗ್ಟನ್ ಎಲಿಂಗ್ಟನ್ನರ ಹುಟ್ಟೂರು ಎಂಬುದನ್ನು ಇಲ್ಲಿ ನೆನೆಯಬೇಕು.

ಈ ಬಾಗಿಲು ಆಮೇಲೆ ಮುಚ್ಚಲಿಲ್ಲ. 2018ರ ಏಪ್ರಿಲಿನಲ್ಲಿ ಬುಧವಾರದ ಸಂಜೆಯ ಆರಾಧನೆಗೆ ಬಿಯೊನ್ಸೆ ಎಂಬ ಜನಪ್ರಿಯ ಗಾಯಕಿಯ ಹಾಡುಗಳನ್ನೇ ಅಳವಡಿಸಿದಾಗ ಸುಮಾರು 900 ಮಂದಿ ಬಂದು ಕೂತರು. ಉಳಿದ ಬುಧವಾರಗಳಲ್ಲಿ ಅದರ ಸಣ್ಣದೊಂದು ಪಾಲು ಬಂದರೆ ಹೆಚ್ಚು. ಆ ಪೂಜೆಯನ್ನು ರೂಪಿಸಿದ ಯೊಲಾಂಡಾ ನಾರ್ಟನ್ ಅವರು ಹೀಬ್ರೂ ಬೈಬಲಿನ ಅಧ್ಯಾಪಕಿ. ಇದು ಗಾಯಕಿಯ ಪೂಜೆಯಲ್ಲ, ಕಪ್ಪು ಹೆಂಗಸರ ಬಾಳನ್ನು ದೇವರ ಮುಂದಿಡುವ ಬಗೆ ಎಂದು ಅವರು ವಿವರಿಸಬೇಕಾಯಿತು. ಹಲವರು ಒಪ್ಪಿದರು, ಹಲವರು ಹುಬ್ಬು ಗಂಟಿಕ್ಕಿದರು. ಒಂಬೈನೂರು ಜನರಲ್ಲಿ ಮುಂದಿನ ಬುಧವಾರಕ್ಕೆ ಎಷ್ಟು ಮಂದಿ ಉಳಿದಾರೆಂಬ ಕೇಳ್ವಿ ಯಾವ ಪಾದ್ರಿಯ ಮನಸ್ಸಿನಲ್ಲಾದರೂ ಏಳುವಂಥದೇ.

ಮಂದಿರದಿಂದ ಹೊರಟು ಟೇಲರ್ ಬೀದಿಯನ್ನು ಇಳಿಯತೊಡಗಿದರೆ ಏಳನೆಯ ಅಡ್ಡರಸ್ತೆಯೇ ಎಲ್ಲಿಸ್. ಅಷ್ಟರೊಳಗೆ ಲೋಕವೇ ಬದಲಾಗಿರುತ್ತದೆ. ಮೇಲೆ ಶ್ರೀಮಂತರ ಹೋಟೆಲುಗಳು. ಕೆಳಗೆ ಟೆಂಡರ್‌ಲಾಯ್ನ್ ಎಂಬ ಪೇಟೆಯಲ್ಲಿ ಗೋಡೆಗೊರಗಿ ಮಲಗಿದ ನಿರ್ಗತಿಕರು, ಅಮಲಿಗೆ ಬಲಿಯಾದವರು. ಇದೇ ಮೂಲೆಯಲ್ಲಿ ಗ್ಲೈಡ್ ಸ್ಮಾರಕ ಮಂದಿರವಿದೆ. ಲಿಜ್ಜಿ ಗ್ಲೈಡ್ ಎಂಬ ಸಿರಿವಂತ ವಿಧವೆಯ ದಾನದಿಂದ ನಿಂತ, ಆಗ ಮೆಥಾಡಿಸ್ಟರದಾಗಿದ್ದ ಈ ಇಗರ್ಜಿಗೆ 1963ರಲ್ಲಿ ಸೆಸಿಲ್ ವಿಲಿಯಮ್ಸ್ ಎಂಬ ಕಪ್ಪು ಜನಾಂಗದ ತರುಣ ಪಾದ್ರಿ ಬಂದಾಗ ಪೀಠಗಳಲ್ಲಿ ಕೂರುತ್ತಿದ್ದವರು ಕೆಲವೇ ಮಂದಿ. ವಿಲಿಯಮ್ಸರು ಬಾಗಿಲನ್ನು ಬೀದಿಯ ಕಡೆಗೆ ತೆರೆದರು. 1967ರಲ್ಲಿ ಗರ್ಭಗುಡಿಯ ಶಿಲುಬೆಯನ್ನೇ ಕೆಳಗಿಳಿಸಿದರು. ಅದು ಸಾವಿನ ಗುರುತು, ನಮಗೆ ಬೇಕಾದದ್ದು ಬದುಕು ಎಂಬುದು ಅವರ ವಾದ. ಆರ್ಗನ್ನಿನ ಬದಲು ಡ್ರಮ್ಮು, ಗಿಟಾರು, ಬ್ಲೂಸ್ ಧಾಟಿ ಬಂದವು. ಆರಾಧನೆಗೆ ಆರಾಧನೆಯೆಂಬ ಹೆಸರೂ ಹೋಗಿ 'ಸಂಭ್ರಮ' ಎಂಬ ಹೆಸರು ನಿಂತಿತು.

ಎಲ್ಲಕ್ಕೂ ಮೇರೆಯೊಂದು ಇರುತ್ತದಷ್ಟೆ. ಅದೇ 1967ರ ಫೆಬ್ರವರಿಯಲ್ಲಿ ಊರಿನ ಹಿಪ್ಪಿ ಕಲಾವಿದರು ಸೇರಿ 'ಅದೃಶ್ಯ ಸರ್ಕಸ್' ಎಂಬ ಕಲಾಮೇಳವನ್ನು ಈ ಮಂದಿರದೊಳಗೆ ಮೂರು ದಿನ ಹಗಲಿರುಳೂ ನಡೆಸುವುದೆಂದು ಹೊರಟರು. ಮೊದಲ ರಾತ್ರಿ ಕಳೆಯುವಷ್ಟರಲ್ಲೇ ಇಗರ್ಜಿಯ ಆಡಳಿತದವರು ಕೈಮುಗಿದು ಎಲ್ಲರನ್ನೂ ಹೊರಗೆ ಕಳಿಸಬೇಕಾಯಿತು. ಒಳಗೆ ನಡೆದದ್ದನ್ನು ಸಂಸಾರವಂತರು ಓದುವ ಪುಟಗಳಲ್ಲಿ ವಿವರಿಸುವುದು ಬೇಡ.

ಹಾಡುಕುಣಿತವಷ್ಟೇ ಆಗಿದ್ದರೆ ಗ್ಲೈಡ್ ಒಂದು ನಾಟಕಶಾಲೆಯಾಗಿ ಮುಗಿಯುತ್ತಿತ್ತು. ಭಾನುವಾರ ಹಾಡು ನಿಂತ ಮೇಲೂ ಕಟ್ಟಡದ ನೆಲಮಾಳಿಗೆಯಲ್ಲಿ ಒಲೆ ಆರುವುದಿಲ್ಲ. ಹಸಿದು ಬಂದವರಿಗೆ ಹಣ ಕೇಳದೆ ಊಟ ಬಡಿಸುವ ಪಂಕ್ತಿ ದಶಕಗಳಿಂದ ನಡೆದು ಬಂದಿದೆ. ಮೇಲಿನ ಮಹಡಿಯಲ್ಲಿ ಹಾಡುವವರಲ್ಲಿ ಕೆಲವರು ಒಂದು ಕಾಲಕ್ಕೆ ಕೆಳಗಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವರೇ. ಕೋಟ್ಯಧಿಪತಿ ವಾರನ್ ಬಫೆಟ್ ಈ ಅನ್ನಸತ್ರದ ಸಲುವಾಗಿ ತಮ್ಮೊಡನೆ ಒಂದು ಹೊತ್ತಿನ ಊಟವನ್ನು ವರ್ಷ ವರ್ಷವೂ ಹರಾಜು ಹಾಕುತ್ತಿದ್ದರು. 2022ರ ಕೊನೆಯ ಹರಾಜಿನಲ್ಲಿ ಆ ಊಟ 1 ಕೋಟಿ 90 ಲಕ್ಷ ಡಾಲರಿಗೆ ಹೋಯಿತು. ವಿಲಿಯಮ್ಸರು 2024ರ ಏಪ್ರಿಲಿನಲ್ಲಿ, ತಮ್ಮ 94ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇನ್ನು ಪಶ್ಚಿಮಕ್ಕೆ ತಿರುಗಿ ಫಿಲ್ಮೋರ್ ಪೇಟೆಗೆ ಹೋಗಬೇಕು. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಇಲ್ಲಿದ್ದ ಜಪಾನೀ ಮೂಲದವರನ್ನು ಸರ್ಕಾರ ಸೆರೆಶಿಬಿರಗಳಿಗೆ ಅಟ್ಟಿತು. ತೆರವಾದ ಮನೆಗಳಿಗೆ ಹಡಗುಕಟ್ಟೆಗಳ ಕೆಲಸ ಅರಸಿ ದಕ್ಷಿಣದಿಂದ ಬಂದ ಕಪ್ಪು ಜನ ತುಂಬಿಕೊಂಡರು. ಅವರೊಡನೆ ಜಾಜ್ ಬಂತು. ರಾತ್ರಿಯಿಡೀ ಬೀದಿಯೇ ಹಾಡುತ್ತಿದ್ದ ಕಾಲ ಅದು. ಬಳಿಕ 'ಪುನರುದ್ಧಾರ'ದ ಹೆಸರಿನಲ್ಲಿ ಸರ್ಕಾರದ ಬುಲ್‌ಡೋಜರುಗಳು ಬಂದು ಮರದ ಮನೆಗಳನ್ನೂ ಅಂಗಡಿಗಳನ್ನೂ ಉರುಳಿಸಿದವು. ಸಾವಿರಾರು ಸಂಸಾರಗಳು ಚದುರಿದವು. ಮರಳಿ ಬರಬಹುದೆಂದು ಕೊಟ್ಟ ಚೀಟಿಗಳು ಪೆಟ್ಟಿಗೆಗಳಲ್ಲೇ ಉಳಿದವು. 1970ರಲ್ಲಿ ಊರಿನ ಜನರಲ್ಲಿ ನೂರಕ್ಕೆ 13ರಷ್ಟಿದ್ದ ಕಪ್ಪು ಜನ 2020ರ ಹೊತ್ತಿಗೆ ನೂರಕ್ಕೆ 5ರ ಆಸುಪಾಸಿಗೆ ಇಳಿದಿದ್ದರು.

ಈ ಅವಶೇಷಗಳ ಅಂಚಿನಲ್ಲಿ ಬೆಳೆದದ್ದು ಜಾನ್ ಕೋಲ್ಟ್ರೇನ್ ಸಂತನ ಇಗರ್ಜಿ. ಕೋಲ್ಟ್ರೇನ್ ಪುರಾಣಕಾಲದವನಲ್ಲ. 1926ರಲ್ಲಿ ಹುಟ್ಟಿ 1967ರಲ್ಲಿ, ಇನ್ನೂ 40 ವರ್ಷ ವಯಸ್ಸಿನಲ್ಲೇ ತೀರಿಕೊಂಡ ಸ್ಯಾಕ್ಸೊಫೋನ್ ವಾದಕ. ಹೆರಾಯಿನ್ ಮತ್ತು ಮದ್ಯದ ಚಟಕ್ಕೆ ಸಿಕ್ಕಿ, 1957ರಲ್ಲಿ ದೇವರ ಕೃಪೆಯಿಂದ ಎದ್ದು ನಿಂತೆನೆಂದು ತಾನೇ ಬರೆದುಕೊಂಡವನು. ಆ ಕೃತಜ್ಞತೆಗೆ ಕಾಣಿಕೆಯಾಗಿ 1964ರ ಡಿಸೆಂಬರಿನಲ್ಲಿ 'ಎ ಲವ್ ಸುಪ್ರೀಮ್' ಎಂಬ ನಾಲ್ಕು ಭಾಗಗಳ ಕೃತಿಯನ್ನು ನುಡಿಸಿ ಮುದ್ರಿಸಿದ. ಕೊನೆಯ ಭಾಗದಲ್ಲಿ ತಾನೇ ಬರೆದ ಪ್ರಾರ್ಥನೆಯನ್ನು ಹಾಡುವವರಿಲ್ಲದೆ ಅಕ್ಷರಕ್ಕೆ ಅಕ್ಷರ ಸೇರಿಸಿ ವಾದ್ಯದಲ್ಲೇ ಉಚ್ಚರಿಸಿದ. ನಾಗಸ್ವರದಲ್ಲಿ ಸಾಹಿತ್ಯವನ್ನು ನುಡಿಸುವುದನ್ನು ಕೇಳಿ ಬೆಳೆದ ನಮ್ಮವರಿಗೆ ಇದರ ಮರ್ಮ ಬೇಗ ಹೊಳೆದೀತು.

1965ರಲ್ಲಿ ಫ್ರಾಂಜೊ ಕಿಂಗ್ ಮತ್ತು ಮರೀನಾ ಎಂಬ ತರುಣ ದಂಪತಿಗಳು ಈ ಊರಿನ ಜಾಜ್ ವರ್ಕ್‌ಶಾಪ್ ಎಂಬ ಕ್ಲಬ್ಬಿನಲ್ಲಿ ಕೋಲ್ಟ್ರೇನನನ್ನು ಕೇಳಿದರು. ಮೋಜಿಗೆಂದು ಹೋದವರು ದೀಕ್ಷೆ ಪಡೆದವರಂತೆ ಹೊರಗೆ ಬಂದರು. ಅಂದಿನ ಅನುಭವವನ್ನು 'ನಾದದ ದೀಕ್ಷಾಸ್ನಾನ' ಎಂದೇ ಅವರು ಕರೆದರು. ಮನೆಯಲ್ಲಿ ಗೆಳೆಯರನ್ನು ಕೂಡಿಸಿಕೊಂಡು ಧ್ವನಿತಟ್ಟೆ ಕೇಳುವುದು ಸತ್ಸಂಗವಾಯಿತು, ಸತ್ಸಂಗ ಇಗರ್ಜಿಯಾಯಿತು. ಮೊದಮೊದಲು ಅವರು ಕೋಲ್ಟ್ರೇನನನ್ನು ದೇವರ ಅವತಾರವೆಂದೇ ಪೂಜಿಸಿದರು. ಆತನ ಮಡದಿ ಆಲಿಸ್ ಕೋಲ್ಟ್ರೇನ್ ಸ್ವತಃ ಹೆಸರಾಂತ ವಾದಕಿ. ಗಂಡನ ಮರಣಾನಂತರ ಸ್ವಾಮಿ ಸಚ್ಚಿದಾನಂದರ ಶಿಷ್ಯೆಯಾಗಿ, ಮುಂದೆ ತುರಿಯಸಂಗೀತಾನಂದ ಎಂಬ ಹೆಸರು ತಳೆದು, ಕ್ಯಾಲಿಫೋರ್ನಿಯದಲ್ಲಿ ಆಶ್ರಮ ಕಟ್ಟಿ ಭಜನೆ ಹಾಡಿಸಿದವರು. ಕಿಂಗ್ ದಂಪತಿಗಳು ಕೆಲಕಾಲ ಅವರ ಬಳಿಯಲ್ಲೂ ಕಲಿತರು. ಆದರೆ 1981ರಲ್ಲಿ ಅದೇ ಆಲಿಸ್, ಗಂಡನ ಹೆಸರನ್ನು ಅನುಮತಿಯಿಲ್ಲದೆ ಬಳಸಿದರೆಂದು ಇಗರ್ಜಿಯ ಮೇಲೆ 75 ಲಕ್ಷ ಡಾಲರಿನ ದಾವೆ ಹೂಡಿದರು. ದೇವರ ಪತ್ನಿಯೇ ಭಕ್ತರನ್ನು ಕೋರ್ಟಿಗೆ ಎಳೆದ ಪ್ರಸಂಗ ಯಾವ ಪುರಾಣದಲ್ಲೂ ಸಿಗಲಾರದು!

ಮರುವರ್ಷ ಆಫ್ರಿಕನ್ ಆರ್ಥೊಡಾಕ್ಸ್ ಸಭೆ ಇವರನ್ನು ತನ್ನೊಳಗೆ ಸೇರಿಸಿಕೊಳ್ಳಲು ಮುಂದೆ ಬಂತು. ಅದರ ಷರತ್ತು ಒಂದೇ: ಕೋಲ್ಟ್ರೇನ್ ದೇವರಾಗಿರುವಂತಿಲ್ಲ, ಬೇಕಾದರೆ ಸಂತನಾಗಲಿ. ಕಿಂಗರು ಒಪ್ಪಿದರು. ಅವರು ಬಿಷಪ್ಪರಾದರು, ಕೋಲ್ಟ್ರೇನನಿಗೆ ಪ್ರಭಾವಳಿಯುಳ್ಳ ಮೂರ್ತಿಚಿತ್ರಗಳು ಸಿದ್ಧವಾದವು. ಪ್ರಾಚೀನ ಗ್ರೀಕ್ ಇಗರ್ಜಿಗಳ ಶೈಲಿಯಲ್ಲಿ ಮಾರ್ಕ್ ಡ್ಯೂಕ್ಸ್ ಬರೆದ ಚಿತ್ರದಲ್ಲಿ ಸಂತನ ಕೈಯ ಸ್ಯಾಕ್ಸೊಫೋನಿನ ಬಾಯಲ್ಲಿ ಬೆಂಕಿಯ ನಾಲಿಗೆಗಳು.

ಡಿವಿಸಡೆರೊ ಬೀದಿಯ ಅಂಗಡಿಯಂಥ ಸಣ್ಣ ಕೋಣೆಯಲ್ಲಿ ಈ ಸಭೆ ದೀರ್ಘಕಾಲ ಕೂಡುತ್ತಿತ್ತು. ಧೂಪದ ಹೊಗೆ, ನಿಲುವಂಗಿ ತೊಟ್ಟ ಬಿಷಪ್ಪರ ಕೊರಳಲ್ಲೇ ಸ್ಯಾಕ್ಸೊಫೋನು. ದಾವೀದನ 23ನೆಯ ಕೀರ್ತನೆಯನ್ನು ಕೋಲ್ಟ್ರೇನನ ಧಾಟಿಗೆ ಹಾಡುತ್ತಾರೆ. ವೇದಪಾಠ, ಪ್ರಸಂಗ, ಪರಮಪ್ರಸಾದ ಒಂದೂ ತಪ್ಪುವುದಿಲ್ಲ. ಕೇಳಲು ಬಂದವರು ತಮ್ಮ ವಾದ್ಯ ತಂದಿದ್ದರೆ ಜತೆಗೆ ನುಡಿಸಬಹುದು. ಜಪಾನಿನಿಂದ, ಯುರೋಪಿನಿಂದ ಬಂದ ಸಂಗೀತಪ್ರೇಮಿಗಳು ಮೊದಲು ತಾಳ ಹಾಕುತ್ತ ನಗುತ್ತಾರೆ, ಮತ್ತೆ ಸುಮ್ಮನಾಗುತ್ತಾರೆ. ನೋಟಕ್ಕೆಂದು ಬಂದವನು ಎಲ್ಲಿ ಭಕ್ತನಾದನೆಂದು ಗೆರೆ ಎಳೆಯುವುದು ಅಲ್ಲಿ ಕಷ್ಟ.

ಕನ್ನಡಿಗರು ಇದಕ್ಕೆ ಮೂಗು ಮುರಿಯುವ ಮುನ್ನ ದಕ್ಷಿಣ ಕನ್ನಡದ ಕಡೆ ನೋಡಿಕೊಳ್ಳಬಹುದು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮರುಳಾದ ನಾಗಸ್ವರ ಮನೆತನದ ಕದ್ರಿ ಗೋಪಾಲನಾಥರು (1949–2019) ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಮೇಲೆ, ಕರಾವಳಿಯ ದೇವಸ್ಥಾನಗಳ ಉತ್ಸವಗಳಲ್ಲಿ ಆ ವಿದೇಶೀ ಕೊಳವೆ ಮಂಗಳವಾದ್ಯವೇ ಆಗಿಬಿಟ್ಟಿದೆ. 1980ರಲ್ಲಿ ಮುಂಬಯಿಯ ಜಾಜ್ ಉತ್ಸವದಲ್ಲಿ ಅವರನ್ನು ಕೇಳಿ, ಜತೆಗೆ ನುಡಿಸಬಹುದೇ ಎಂದು ವಿನಂತಿಸಿದ ಜಾನ್ ಹ್ಯಾಂಡಿ ಇದೇ ಸಾನ್ ಫ್ರಾನ್ಸಿಸ್ಕೊ ಪ್ರಾಂತದ ಜಾಜ್ ವಾದಕ.

ಸಂತನಿಗೆ ಸ್ಥಾನ ಸಿಕ್ಕರೂ ಸಂತನ ಮನೆಗೆ ನೆಲೆ ಸಿಗಲಿಲ್ಲ. 2000ದಲ್ಲಿ ಬಾಡಿಗೆ ಏರಿ ಡಿವಿಸಡೆರೊ ಬಿಡಬೇಕಾಯಿತು. ಸುತ್ತಿ ಸುಳಿದು ಫಿಲ್ಮೋರಿಗೇ ಬಂದು ನಿಂತರೆ, 2016ರ ವಸಂತದಲ್ಲಿ ಅಲ್ಲಿಂದಲೂ ಎಬ್ಬಿಸಿದರು. ಟರ್ಕ್ ಬೀದಿಯ ಎಪಿಸ್ಕೋಪಲ್ ಇಗರ್ಜಿಯೊಂದು ತನ್ನ ಬಾಗಿಲು ತೆರೆಯಿತು. ಆಮೇಲೆ ಕೊಲ್ಲಿಯ ದಂಡೆಯ ಫೋರ್ಟ್ ಮೇಸನ್ನಿಗೆ, ಯುದ್ಧಕಾಲದಲ್ಲಿ ಸಿಪಾಯಿಗಳನ್ನು ಹಡಗು ಹತ್ತಿಸುತ್ತಿದ್ದ ಸೈನ್ಯದ ಕಟ್ಟೆಗೆ, ಸಂತನ ಚಿತ್ರಗಳೂ ಡ್ರಮ್ಮುಗಳೂ ಗಾಡಿಯೇರಿ ಹೋದವು.