ಗಡಿಯೇ ನಾಡಾದ ಕಥೆ

ರಾಜಧಾನಿಯಲ್ಲಿ ಕುಳಿತವರಿಗೆ ಗಡಿಯೆಂದರೆ ರಾಜ್ಯ ಮುಗಿಯುವ ಜಾಗ. ಗಡಿಯಲ್ಲಿ ಬಾಳುವವರಿಗೆ ಅದೇ ಮನೆ, ಅದೇ ಹೊಲ. ಇದನ್ನು ಮರೆತ ಅರಸರು ಏನು ಕಳೆದುಕೊಳ್ಳುತ್ತಾರೆ ಎಂಬುದಕ್ಕೆ ಪಿರನೀಸ್ ಪರ್ವತಗಳ ದಕ್ಷಿಣದ ‘ಸ್ಪ್ಯಾನಿಷ್ ಮಾರ್ಚ್’ ಒಳ್ಳೆಯ ನಿದರ್ಶನ.

‘ಮಾರ್ಚ್’ ಎಂದರೆ ಇಲ್ಲಿ ತಿಂಗಳಲ್ಲ, ಗಡಿಸೀಮೆ. ಉತ್ತರಕ್ಕೆ ಫ್ರಾಂಕರ ಕ್ರೈಸ್ತ ಸಾಮ್ರಾಜ್ಯ, ದಕ್ಷಿಣಕ್ಕೆ ಕಾರ್ಡೊಬಾದ ಮುಸ್ಲಿಂ ರಾಜ್ಯ. ನಡುವೆ ಒಂದು ತಡೆಗೋಡೆ ಬೇಕಿತ್ತು. 801ರಲ್ಲಿ ಶಾರ್ಲಮೇನನ ಮಗ ಲೂಯಿ ಬಾರ್ಸಿಲೋನಾ ನಗರವನ್ನು ಗೆದ್ದ. ಗಡಿಯ ಒಂದೊಂದು ಸೀಮೆಗೂ ‘ಕೌಂಟ್’ ಎಂಬ ಅಧಿಕಾರಿ ಬಂದ. ಅವನನ್ನು ನೇಮಿಸುವವನೂ ಅರಸ, ತೆಗೆಯುವವನೂ ಅರಸ.

878ರಲ್ಲಿ ಬಾರ್ಸಿಲೋನಾದ ಕೌಂಟ್ ಆದವನು ‘ರೋಮಶ’ ಎಂಬ ಅಡ್ಡಹೆಸರಿನ ವಿಫ್ರೆಡ್. ಪಾಳುಬಿದ್ದ ಸೀಮೆಗಳಲ್ಲಿ ಅವನು ಮತ್ತೆ ಒಕ್ಕಲು ನಿಲ್ಲಿಸಿದ. ಬೀಳುನೆಲವನ್ನು ಮೂವತ್ತು ವರ್ಷ ಉತ್ತವನಿಗೆ ಅದು ಸ್ವಂತ ಎಂಬ ಪದ್ಧತಿ ಅಲ್ಲಿತ್ತು. 897ರಲ್ಲಿ ಅವನು ಕಾಳಗದಲ್ಲಿ ಮಡಿದಾಗ ಪದವಿ ಅವನ ಮಕ್ಕಳಿಗೇ ಹೋಯಿತು.

ಗಡಿ ಗೋಡೆ ಮಾತ್ರವಲ್ಲ, ಬಾಗಿಲೂ ಹೌದು. ವಿಫ್ರೆಡನ ಮೊಮ್ಮಗ ಬೊರೆಲ್ 967ರಲ್ಲಿ ಜೆರ್ಬರ್ಟ್ ಎಂಬ ತರುಣ ಸನ್ಯಾಸಿಯನ್ನು ಗಣಿತ ಕಲಿಯಲೆಂದು ತನ್ನ ಸೀಮೆಗೆ ಕರೆತಂದ. ಮುಂದೆ ಫ್ರಾನ್ಸಿನಲ್ಲಿ ಮೇಷ್ಟರಾದ ಈ ಜೆರ್ಬರ್ಟ್, ಭಾರತದಲ್ಲಿ ಹುಟ್ಟಿ ಅರಬರ ಕೈಸೇರಿದ್ದ ಒಂಬತ್ತು ಅಂಕಿಗಳನ್ನು ಎಣಿಕೆ ಹಲಗೆಯ ಬಿಲ್ಲೆಗಳ ಮೇಲೆ ಬಳಸಿ ಲೆಕ್ಕ ಕಲಿಸಿದ. 999ರಲ್ಲಿ ಅವನು ಪೋಪ್ ಕೂಡ ಆದ.

985ರಲ್ಲಿ ಕಾರ್ಡೊಬಾದ ಅಲ್ ಮನ್ಸೂರ್ ಬಾರ್ಸಿಲೋನಾವನ್ನು ಸೂರೆಮಾಡಿ ಸುಟ್ಟ. ಅನೇಕರು ಸೆರೆಯಾಳುಗಳಾದರು. ಉತ್ತರದಿಂದ ಸೈನ್ಯ ಬರಲಿಲ್ಲ. 987ರಲ್ಲಿ ಪಟ್ಟವೇರಿದ ಹ್ಯೂ ಕಾಪೆ, ‘ಮೊದಲು ಬಂದು ನಿಷ್ಠೆ ಸಲ್ಲಿಸು, ಆಮೇಲೆ ನೆರವು’ ಎಂಬರ್ಥದ ಪತ್ರ ಬರೆಸಿದ. ಅದನ್ನು ಬರೆದುಕೊಟ್ಟವನು ಇದೇ ಜೆರ್ಬರ್ಟ್! ಬೊರೆಲ್ ಹೋಗಲಿಲ್ಲ. ದಂಗೆಯನ್ನೂ ಏಳಲಿಲ್ಲ. ಸುಮ್ಮನಿದ್ದುಬಿಟ್ಟ, ಅಷ್ಟೆ. ಕಷ್ಟಕ್ಕಾಗದ ದೊರೆಗೆ ಕಪ್ಪವೇಕೆ, ಕೈಮುಗಿಯುವುದೇಕೆ?

ಫ್ರಾನ್ಸಿನ ಅರಸ ಆ ಸೀಮೆಯ ಮೇಲಿನ ಹಕ್ಕನ್ನು ಕಾಗದದಲ್ಲಿ ಬಿಟ್ಟುಕೊಟ್ಟದ್ದು 1258ರಲ್ಲಿ, ಅರಗಾನಿನ ದೊರೆಯೊಡನೆ ಮಾಡಿಕೊಂಡ ಕೊರ್ಬೆಯ್ ಒಪ್ಪಂದದಲ್ಲಿ. ಅಷ್ಟು ಹೊತ್ತಿಗೆ ಅದು ಯಾರ ಅಂಚೂ ಆಗಿ ಉಳಿದಿರಲಿಲ್ಲ. ತನ್ನದೇ ಭಾಷೆ, ಕಾನೂನುಗಳ ಕೆಟಲೋನಿಯಾ ಆಗಿತ್ತು. 1988ರಲ್ಲಿ ಅಲ್ಲಿನ ಜನ ತಮ್ಮ ನಾಡಿಗೆ ಸಾವಿರ ವರ್ಷವಾಯಿತೆಂದು ಹಬ್ಬ ಆಚರಿಸಿದರು. ಲೆಕ್ಕ ಹಿಡಿದದ್ದು ಯಾವ ಗೆಲುವಿನಿಂದಲೂ ಅಲ್ಲ. ಬೊರೆಲ್ ಅರಸನ ಬಳಿಗೆ ಹೋಗದೆ ಉಳಿದ ಆ ವರ್ಷದಿಂದ.