ಸಿನಿಮಾ ತೋರಿಸದ ಫ್ರೆಡ್ಡಿ: ಪಂಚಗಣಿಯ ಉಬ್ಬುಹಲ್ಲಿನ ಹುಡುಗ

ಹುಬ್ಬಳ್ಳಿಯಲ್ಲಿ ರಾತ್ರಿ ಪುಣೆ ಬಸ್ ಹತ್ತಿದವನು ನಸುಕಿನಲ್ಲಿ ಸಾತಾರಾ ಸ್ಟ್ಯಾಂಡಿನಲ್ಲಿ ಇಳಿದೆ. ಅಲ್ಲಿಂದ ಕೆಂಪು ಬಸ್ಸು. ವಾಯಿ ಊರು ಬಂತು. ಶಾರುಖ್‌ನ ‘ಸ್ವದೇಸ್’ ನೋಡಿದವರಿಗೆ ಹತ್ತಿರದ ಮೇಣವಲಿಯ ಘಾಟು ನೆನಪಿರಬೇಕು. ಪಕ್ಕದಲ್ಲೇ ಕೃಷ್ಣೆ. ಮುಂದೆ ನಮ್ಮ ಆಲಮಟ್ಟಿಗೆ ಬಂದು ಸಮುದ್ರವಾಗಿ ನಿಲ್ಲುವ ಕೃಷ್ಣೆ ಇಲ್ಲಿ ಇನ್ನೂ ಲಂಗ ತೊಟ್ಟ ಹುಡುಗಿ!

ವಾಯಿಯಿಂದ ಪಸರಣಿ ಘಾಟಿ. ಸುಮಾರು 12 ಕಿ.ಮೀ. ಸುತ್ತಿ ಸುತ್ತಿ ಹತ್ತಿದರೆ ಪಂಚಗಣಿ. ಸಿಲ್ವರ್ ಓಕ್ ಮರ, ಮಂಜು, ಸ್ಟ್ರಾಬೆರಿ, ಹೆಜ್ಜೆಗೊಂದು ಬೋರ್ಡಿಂಗ್ ಶಾಲೆ. ಆಮೀರ್‌ನ ‘ತಾರೇ ಜಮೀನ್ ಪರ್’ ಚಿತ್ರೀಕರಣವಾದದ್ದೂ ಇಲ್ಲಿನ ಶಾಲೆಯೊಂದರಲ್ಲೇ. ಆದರೆ ನಾನು ಬಂದದ್ದು ಆಮೀರ್‌ಗಾಗಿ ಅಲ್ಲ ಗುರುಗಳೇ. ಫ್ರೆಡ್ಡಿ ಮರ್ಕ್ಯುರಿಗಾಗಿ!

‘ಬೊಹೀಮಿಯನ್ ರಾಪ್ಸಡಿ’ 2018ರಲ್ಲಿ ಬಂದ ಚಿತ್ರ. ಫ್ರೆಡ್ಡಿ ಪಾತ್ರ ಮಾಡಿದ ರಾಮಿ ಮಾಲೆಕ್‌ಗೆ ಆಸ್ಕರ್ ಬಂತು. ನಾನು ಎರಡು ಸಲ ನೋಡಿದೆ. ಎರಡು ಸಲವೂ ಒಂದೇ ಕೊರಗು. ಲಂಡನ್ ಇದೆ, ವೆಂಬ್ಲಿ ಮೈದಾನ ಇದೆ. ಪಂಚಗಣಿಯ ಒಂದೇ ಒಂದು ದೃಶ್ಯ ಇಲ್ಲ! ಎಂಟು ವರ್ಷಕ್ಕೂ ಹೆಚ್ಚು ಕಾಲ ಆ ಹುಡುಗ ಬೆಳೆದ ಊರಿಗೆ ಒಂದು ಶಾಟ್ ಕೂಡ ಬೇಡವೇ? ಹೋಗಲಿ, ನಾವೇ ನೋಡಿ ಬರೋಣ ಅಂತ ಹೊರಟೆ.

ಜಾಂಜಿಬಾರಿನಿಂದ ಬಂದ ಪೋರ

ಅವನ ನಿಜವಾದ ಹೆಸರು ಫರೂಕ್ ಬಲ್ಸಾರಾ. ಹುಟ್ಟಿದ್ದು 1946ರ ಸೆಪ್ಟೆಂಬರ್ 5, ಆಫ್ರಿಕಾದ ಜಾಂಜಿಬಾರ್ ದ್ವೀಪದಲ್ಲಿ. ಗುಜರಾತಿನ ಮೂಲದ ಪಾರ್ಸಿ ಮನೆತನ. ತಂದೆ ಬ್ರಿಟಿಷ್ ಸರ್ಕಾರದ ನೌಕರ. ಎಂಟು ವರ್ಷವಾದಾಗ ಮಗನನ್ನು ಹಡಗಿನಲ್ಲಿ ಕೂರಿಸಿ ಇಲ್ಲಿನ ಸೇಂಟ್ ಪೀಟರ್ಸ್ ಶಾಲೆಗೆ ಕಳಿಸಿಬಿಟ್ಟರು. ಅಪ್ಪ ಅಮ್ಮ ಸಮುದ್ರದ ಆಚೆ, ಹುಡುಗ ಘಾಟಿಯ ಮೇಲೆ!

ಮೇಲು ದವಡೆಯಲ್ಲಿ ಅವನಿಗೆ ನಾಲ್ಕು ಹಲ್ಲು ಹೆಚ್ಚು. ಮುಂದಿನ ಹಲ್ಲು ಉಬ್ಬಿದವು. ಹುಡುಗರು ಸುಮ್ಮನಿರ್ತಾರಾ? ‘ಬಕ್ಕಿ’ ಅಂತ ಅಡ್ಡಹೆಸರಿಟ್ಟು ಕೂಗಿದರು. ‘ಫ್ರೆಡ್ಡಿ’ ಅನ್ನುವ ಹೆಸರು ರೂಢಿಯಾದದ್ದೂ ಇಲ್ಲೇ.

ಇಲ್ಲಿ ನನ್ನದೊಂದು ಮಾತು. ನನಗೂ ಉಬ್ಬುಹಲ್ಲು. ಶಾಲೆಯಲ್ಲಿ ನನ್ನ ಹೆಸರು ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ, ‘ಹಲ್ಲುಬ್ಬ’ ಅಂದರೆ ಎಲ್ಲರಿಗೂ ಗೊತ್ತು. ಗ್ರೂಪ್ ಫೋಟೋದಲ್ಲಿ ಬಾಯಿ ಬಿಗಿದು ನಿಲ್ಲುತ್ತಿದ್ದೆ. ಪಿಯುಸಿ ಅರ್ಧಕ್ಕೆ ಬಿಟ್ಟದ್ದಕ್ಕೆ ದುಡ್ಡಿನ ಕಾರಣ ಹೇಳುತ್ತೇನೆ. ಅದು ಅರ್ಧ ನಿಜ. ಇನ್ನರ್ಧ, ಕ್ಲಾಸಿನಲ್ಲಿ ಎದ್ದು ನಿಂತು ಬಾಯಿ ತೆರೆಯುವ ಭಯ.

ಆ ಹುಡುಗನೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದನಂತೆ. ಆದರೆ ಹಾಡುವಾಗ ಕೈ ಅಡ್ಡ ಬರಲಿಲ್ಲ ನೋಡಿ! ಪಿಯಾನೋ ಕಲಿತ. ಬಾಕ್ಸಿಂಗ್, ಟೇಬಲ್ ಟೆನ್ನಿಸ್ ಆಡಿದ. ಲತಾ ಮಂಗೇಶ್ಕರ್ ಹಾಡುಗಳ ಪ್ರಭಾವವೂ ಅವನ ಮೇಲಿತ್ತು ಅಂತ ಅವನ ಬದುಕು ಬರೆದವರು ಹೇಳುತ್ತಾರೆ. ಹನ್ನೆರಡರ ವಯಸ್ಸಿಗೆ, 1958ರಲ್ಲಿ, ಐವರು ಹುಡುಗರ ‘ಹೆಕ್ಟಿಕ್ಸ್’ ಬ್ಯಾಂಡು! ಕ್ಲಿಫ್ ರಿಚರ್ಡ್, ಲಿಟಲ್ ರಿಚರ್ಡ್ ಹಾಡುಗಳನ್ನು ಬಾರಿಸುತ್ತಿದ್ದರು. ಪಿಯಾನೋ ಮುಂದೆ ನಮ್ಮ ಬಕ್ಕಿ.

ಘಾಟಿ ಇಳಿದ ಮೇಲೆ

ಅವನು 1963ರಲ್ಲಿ ಜಾಂಜಿಬಾರಿಗೆ ಮರಳಿದ. ಮರುವರ್ಷವೇ ಅಲ್ಲಿ ಕ್ರಾಂತಿ, ರಕ್ತಪಾತ. ಇಡೀ ಕುಟುಂಬ ಇಂಗ್ಲೆಂಡಿಗೆ ಓಡಿತು. ಈಲಿಂಗ್ ಕಲಾಶಾಲೆಯಲ್ಲಿ ಓದಿ 1969ರಲ್ಲಿ ಡಿಪ್ಲೊಮಾ ಪಡೆದ. ಹೀಥ್ರೋ ವಿಮಾನ ನಿಲ್ದಾಣದಲ್ಲಿ ಲಗೇಜು ಹೊತ್ತ. ಕೆನ್ಸಿಂಗ್ಟನ್ ಮಾರ್ಕೆಟ್ಟಿನಲ್ಲಿ ಹಳೇ ಬಟ್ಟೆ ಮಾರಿದ. 1970ರಲ್ಲಿ ಬ್ರಯಾನ್ ಮೇ, ರೋಜರ್ ಟೇಲರ್ ಜೊತೆ ‘ಕ್ವೀನ್’ ಹುಟ್ಟಿತು. ಮರುವರ್ಷ ಜಾನ್ ಡೀಕನ್ ಸೇರಿದ. ತಂಡದ ಲಾಂಛನ ಬರೆದವನೂ ಫ್ರೆಡ್ಡಿಯೇ. ಕಲಿತ ವಿದ್ಯೆ ಸುಮ್ಮನೆ ಹೋಗಲಿಲ್ಲ.

‘ಬೊಹೀಮಿಯನ್ ರಾಪ್ಸಡಿ’ ಹಾಡು ಬಂದದ್ದು 1975ರಲ್ಲಿ. ಬರೆದದ್ದು ಅವನೇ. 5 ನಿಮಿಷ 55 ಸೆಕೆಂಡ್! ರೇಡಿಯೋಗೆ ಉದ್ದವಾಯಿತು, ಓಡಲ್ಲ ಅಂದರು. ಬ್ರಿಟನ್ನಿನಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿ ಕೂತಿತು. 1985ರ ಜುಲೈ 13ರಂದು ವೆಂಬ್ಲಿಯ ‘ಲೈವ್ ಏಡ್’ನಲ್ಲಿ ಸುಮಾರು 72 ಸಾವಿರ ಜನರನ್ನು ಇಪ್ಪತ್ತೇ ನಿಮಿಷದಲ್ಲಿ ಕುಣಿಸಿದ. ಆಗಲೂ ಅದೇ ಹಲ್ಲು! ತೆಗೆಸಿದರೆ ದನಿ ಕೆಟ್ಟೀತೆಂಬ ಅಂಜಿಕೆಯಿಂದ ಕೊನೆತನಕ ಹಾಗೇ ಉಳಿಸಿಕೊಂಡ.

1991ರ ನವೆಂಬರ್ 23ರಂದು ತನಗೆ ಏಡ್ಸ್ ಇದೆಯೆಂದು ಪ್ರಕಟಿಸಿದ. ಮರುದಿನ ಹೊರಟುಹೋದ. ಬರೀ 45 ವರ್ಷ.

ಗೇಟಿನ ಹೊರಗೆ

ಶಾಲೆಯ ಗೇಟಿನ ಹೊರಗೇ ನಿಂತು ನೋಡಿದೆ. ಶಾಲೆ ಅಂದಮೇಲೆ ಕಂಡಕಂಡವರು ನುಗ್ಗೋಕಾಗುತ್ತಾ? ಎದುರಿನ ಚಹಾದವನಿಗೆ ಮೊಬೈಲಿನಲ್ಲಿ ಫೋಟೋ ತೋರಿಸಿದೆ. ‘ಹೀರೋನಾ?’ ಅಂದ. ‘ಹೌದಪ್ಪ, ಹೀರೋ’ ಅಂದೆ.

ಕ್ವೀನ್ ತಂಡ ಫ್ರೆಡ್ಡಿ ಇರುವಷ್ಟು ದಿನ ಭಾರತದಲ್ಲಿ ಒಂದೂ ಕಾರ್ಯಕ್ರಮ ಕೊಡಲಿಲ್ಲ. ಇಲ್ಲಿನ ದಿನಗಳ ಬಗ್ಗೆ ಅವನೂ ಹೆಚ್ಚು ಮಾತಾಡಲಿಲ್ಲ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾನು ಓದಿದ ಕಾಲೇಜಿನ ಮುಂದೆ ಬಸ್ ಹೋಗುವಾಗ ನಾನೂ ಮುಖ ತಿರುಗಿಸಿಕೊಳ್ಳುವವನೇ ತಾನೇ?

ಸಂಜೆ ಟೇಬಲ್ ಲ್ಯಾಂಡ್ ಹತ್ತಿದೆ. ಮೇಜಿನಂತೆ ಚಪ್ಪಟೆಯಾದ ಕಲ್ಲುಬಯಲು. ಕೆಳಗೆ ಧೋಮ್ ಅಣೆಕಟ್ಟಿನ ನೀರು. ಕಾಲೇಜು ಹುಡುಗರ ಗುಂಪೊಂದು ಕಲ್ಲಿನ ಮೇಲೆ ಎರಡು ಸಲ ಕಾಲು ಬಡಿದು ಒಂದು ಸಲ ಚಪ್ಪಾಳೆ ಹೊಡೆಯುತ್ತಿತ್ತು. ಕ್ವೀನ್ ತಂಡದ 1977ರ ತಾಳ! ಅದು ಹುಟ್ಟಿದ್ದು ಯಾರಿಂದ ಅಂತ ಅವರಿಗೆ ಗೊತ್ತಿತ್ತೋ ಇಲ್ಲವೋ. ನಾನೂ ಹೋಗಿ ಸೇರಿಕೊಂಡೆ.

ಆಮೇಲೆ ಒಬ್ಬ ಹುಡುಗ ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆದ. ನನಗೂ ಕಳಿಸಿದ್ದಾನೆ. ಬಾಯಿ ತೆರೆದು ನಗುತ್ತಿದ್ದೇನೆ ಮಿತ್ರರೇ, ಹಲ್ಲೆಲ್ಲಾ ಕಾಣುವ ಹಾಗೆ.