ತಗಡಿನ ಮೇಲಣ ಗೆರೆ

ಪಾಠಶಾಲೆಯಲ್ಲಿ ಅಮರಕೋಶವನ್ನೂ ಶಬ್ದರೂಪಗಳನ್ನೂ ಬಾಯಿಪಾಠ ಮಾಡಿದವನು ವಿಮಾನದ ತಗಡು ಬಡಿಯಲು ಹೋದನೆಂದರೆ ವಾಚಕರಿಗೆ ನಗು ಬಂದೀತು. ಆದರೆ ಹೊಟ್ಟೆಯ ಪ್ರಶ್ನೆಗೆ ವ್ಯಾಕರಣದಲ್ಲಿ ಉತ್ತರವಿರಲಿಲ್ಲ. 1979ರಲ್ಲಿ, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ನಮ್ಮ ಯಲವಿಗಿಯ ನಿಲ್ದಾಣದಲ್ಲಿ ಮೀಟರ್‌ಗೇಜ್ ಗಾಡಿಯನ್ನೇರಿ ಬೆಂಗಳೂರಿಗೆ ಹೊರಟೆನು. ವಾಲಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ 1940ರಲ್ಲಿ ಅಲ್ಲಿ ವಿಮಾನದ ಕಾರಖಾನೆಯನ್ನು ಸ್ಥಾಪಿಸಿದಂದಿನಿಂದ ಈ ಕಸಬು ಆ ಊರಲ್ಲಿ ಬೇರೂರಿತ್ತು. ಅದನ್ನು ಕಲಿಸುವ ಒಂದು ವೃತ್ತಿಶಾಲೆಯಲ್ಲಿ ನನಗೆ ಸ್ಥಳ ದೊರೆಯಿತು.

ಅಲ್ಲಿಯ ಲೋಹವೇ ಒಂದು ಸೋಜಿಗ. ತಾಮ್ರ ಬೆರೆತ ಆ ಅಲ್ಯುಮಿನಿಯಮ್ಮನ್ನು ಸುಮಾರು 500 ಡಿಗ್ರಿಗೆ ಕಾಯಿಸಿ ನೀರಿನಲ್ಲಿ ಅದ್ದಿದರೆ, ಉಕ್ಕಿನಂತೆ ಒಡನೆಯೇ ಗಟ್ಟಿಯಾಗದು. ಮೊದಲು ಮೆತ್ತಗಿದ್ದು, ಸುಮ್ಮನಿಟ್ಟಲ್ಲಿಯೇ ದಿನ ಕಳೆದಂತೆ ಬಲಿಯುವುದು. ಈ ಗುಣವನ್ನು ಜರ್ಮನಿಯ ವಿಲ್ಮ್ ಎಂಬವರು 1906ರಲ್ಲಿ ಕಂಡರು. ಆದುದರಿಂದಲೇ ಕೆಲವು ರಿವೆಟ್‌ಗಳನ್ನು ಬಡಿಯುವವರೆಗೂ ಹಿಮದ ತಂಪಿನಲ್ಲಿಡುತ್ತಿದ್ದೆವು. ಒಬ್ಬನು ಹೊರಗಿನಿಂದ ಬಡಿದರೆ, ಮತ್ತೊಬ್ಬನು ಒಳಗಿನಿಂದ ಉಕ್ಕಿನ ಗಟ್ಟಿಯನ್ನು ಒತ್ತಿ ಹಿಡಿಯಬೇಕು.

ತಗಡಿನ ಮೈಮೇಲೆ ಶುದ್ಧ ಅಲ್ಯುಮಿನಿಯಮ್ಮಿನ ತೆಳುವಾದ ಪದರವಿರುವುದು; ಒಳಗಿನ ಲೋಹವು ಕಿಲುಬದಂತೆ ಕಾಯುವುದು ಅದೇ. ಕತ್ತರಿಸಿ ತೆಗೆಯುವ ಅಂಚಿನಲ್ಲಲ್ಲದೆ ಬೇರೆಲ್ಲಿಯೂ ಉಕ್ಕಿನ ಮೊನೆಯಿಂದ ಗೆರೆ ಎಳೆಯಕೂಡದೆಂದು ಮೇಸ್ತ್ರಿಗಳು ಮೊದಲ ದಿನವೇ ಹೇಳಿದ್ದರು. ಒಂದು ದಿನ ಅವಸರದಲ್ಲಿ ನಾನು ಮಡಿಕೆಯ ಜಾಗದಲ್ಲಿಯೇ ಮೊನೆಯಿಂದ ಗೆರೆ ಎಳೆದೆನು. ಗಾಬರಿಯಾಗಿ ಉಪ್ಪುಕಾಗದದಿಂದ ಉಜ್ಜಿ, ಗೆರೆ ಕಾಣದಂತೆ ಮಾಡಿ, ಏನೂ ಅರಿಯದವನಂತೆ ಒಪ್ಪಿಸಿದೆನು.

ಮೇಸ್ತ್ರಿಗಳು ತಗಡಿನ ಮೇಲೆ ಉಗುರಾಡಿಸಿದರು. ಮಾತಾಡದೆ ಅದನ್ನು ಮಡಿಸಿದರು. ಗೆರೆಯಿದ್ದಲ್ಲಿಯೇ ಅದು ಬಿರುಕುಬಿಟ್ಟಿತು.

“ಏನಯ್ಯಾ ಶಾಸ್ತ್ರಿ, ನನ್ನ ಕಣ್ಣಿಗೆ ಮುಚ್ಚಿದೆ, ತಗಡಿಗೆ ಮುಚ್ಚಲಾದೀತೇ? ಹೇಳಿದ್ದರೆ ಬೇರೊಂದು ಕೊಡುತ್ತಿದ್ದೆ,” ಎಂದರು. ಬೈಯಲಿಲ್ಲ, ಬೇರೊಂದನ್ನು ಕೊಟ್ಟರು. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ತಂದೆಯವರ ಕಾಯಿಲೆಯ ದೆಸೆಯಿಂದ ನಾನು ಊರಿಗೆ ಮರಳಬೇಕಾಯಿತು. ಆ ಕಸಬು ಅಲ್ಲಿಗೇ ನಿಂತಿತು. ಓದು ಮುಂದುವರಿಸಿ ಸಂಸ್ಕೃತದ ಮಾಸ್ತರನಾದೆನು. ಮೊದಲ ಕೆಲವು ವರ್ಷ, ಪಾಠಶಾಲೆಯ ಪದ್ಧತಿಯಂತೆ, ತಪ್ಪಿದ ಹುಡುಗರಿಗೆ ಬೆತ್ತದ ರುಚಿ ತೋರಿಸಿದವನೇ ನಾನು. ಒಮ್ಮೆ ಒಬ್ಬ ಹುಡುಗನ ನೋಟುಬುಕ್ಕಿನಲ್ಲಿ ತಪ್ಪು ರೂಪವೊಂದನ್ನು ಉಜ್ಜಿ ಉಜ್ಜಿ ಕಾಗದವೇ ತೂತಾಗಿತ್ತು. ಬೆತ್ತ ಎತ್ತಿದ ಕೈಯನ್ನು ಅವನು ನೋಡಿದನು. ನಾನು ಆ ತೂತನ್ನು ನೋಡಿದೆನು. ಅವನಿಗೆ ಹಾಗೆ ಉಜ್ಜಲು ಕಲಿಸಿದವನು ನಾನೇ ಅಲ್ಲವೇ?

ಬೆತ್ತವನ್ನು ಮೇಜಿನ ಮೇಲಿಟ್ಟು, “ಬೇರೆ ಹಾಳೆಯಲ್ಲಿ ಬರೆಯಪ್ಪಾ,” ಎಂದೆನು. ಅಂದಿನಿಂದ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಆ ಮೇಸ್ತ್ರಿಗಳಿಗೆ ನಾನು ಸಲ್ಲಿಸಿದ ಗುರುದಕ್ಷಿಣೆ ಇಷ್ಟೇ; ಅದೂ ಬಹಳ ತಡವಾಗಿ.